ಯಾರ ಸೌಟಿಗೆ ಕುಂಕುಮ

ಅನ್ನ ಬೇಯಿಸುವವಳು ಕದಿರಮ್ಮ. ಸೌಟು ಹಿಡಿದು ಬಾಗಿಲಲ್ಲಿ ನಿಲ್ಲುವವಳು ಲಕ್ಷ್ಮೀದೇವಮ್ಮ. ಆ ಸರ್ಕಾರಿ ಶಾಲೆಯ ಬಿಸಿಯೂಟ ನಡೆಯುತ್ತಿದ್ದುದೇ ಹೀಗೆ. ಮೇಷ್ಟ್ರುಗಳಿಗೆ ಇದು ಗೊತ್ತಿತ್ತು. ಮಕ್ಕಳಿಗೂ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಊರು ಕೇಳಲಿಲ್ಲ.

ಕುಂದಾಣ ಹೋಬಳಿಯ ಊರು ಅದು. ಹೆಸರು ಬೇಡ. ಹೆಸರು ಹೇಳಿದರೆ ಅಕ್ಕಪಕ್ಕದ ಹತ್ತೂರು ತಮ್ಮದಲ್ಲವೆಂದು ತಪ್ಪಿಸಿಕೊಳ್ಳುತ್ತವೆ. ವಿಮಾನ ನಿಲ್ದಾಣ ಶುರುವಾಗಿ ಐದು ವರ್ಷವಾಗಿತ್ತು. ಊರಿನ ಅರ್ಧ ಹೊಲ ಕಲ್ಲು ನೆಟ್ಟ ಸೈಟಾಗಿತ್ತು. ಹೆಂಚಿನ ಮನೆಗಳು ತಾರಸಿಯಾಗಿದ್ದವು. ಶಾಲೆಯ ಅಡುಗೆ ಕೋಣೆಯ ಬಾಗಿಲಲ್ಲಿ ಯಾರು ನಿಲ್ಲಬೇಕು ಎನ್ನುವುದು ಮಾತ್ರ ಬದಲಾಗಿರಲಿಲ್ಲ.

ಬೆಳಗ್ಗೆ ಎಂಟಕ್ಕೆ ಬಂದರೆ ಕದಿರಮ್ಮನಿಗೆ ಮೊದಲು ನೀರು. ಸಂಪಿನಿಂದ ಅಡುಗೆ ಕೋಣೆಗೆ ಹದಿನಾಲ್ಕು ಬಿಂದಿಗೆ. ಆಮೇಲೆ ಹಾಲಿನ ಪುಡಿ ಕಲಸಿ ಕಾಯಿಸುವುದು. ಎಂಬತ್ತನಾಲ್ಕು ಮಕ್ಕಳ ಅಕ್ಕಿ ಆರಿಸುವುದು. ಈರುಳ್ಳಿ ಹೆಚ್ಚುವುದು. ಅನ್ನದ ದೊಡ್ಡ ಡಬರಿಯಿಂದ ಗಂಜಿ ಬಸಿಯುವಾಗ ಅದನ್ನು ಬಟ್ಟೆ ಸುತ್ತಿ ಎದೆಗೆ ಆನಿಸಿಕೊಂಡು ಬಗ್ಗಿಸಬೇಕು. ಹಿಡಿದುಕೊಳ್ಳಲು ಇನ್ನೊಂದು ಜೊತೆ ಕೈ ಇಲ್ಲ. ಹಬೆ ಹೊಡೆದು ಹೊಡೆದು ಅವಳ ಎರಡೂ ಮುಂಗೈ ಸುಟ್ಟ ಬದನೆಕಾಯಿ ಸಿಪ್ಪೆಯಂತಾಗಿದ್ದವು. ಮಗಳು ಕೀರ್ತನ ಐದನೆಯ ತರಗತಿಯಲ್ಲಿದ್ದಾಗ, "ಅಮ್ಮ, ಇಲ್ಲಿ ಚಿವುಟಿದ್ರೆ ಗೊತ್ತಾಗುತ್ತಾ?" ಎಂದು ಚಿವುಟಿ ನೋಡುತ್ತಿದ್ದಳು. ಗೊತ್ತಾಗುತ್ತಿರಲಿಲ್ಲ.

ಹನ್ನೆರಡೂವರೆಗೆ ಲಕ್ಷ್ಮೀದೇವಮ್ಮ ಮಗನ ಸ್ಕೂಟರಿನಲ್ಲಿ ಬಂದಿಳಿಯುತ್ತಿದ್ದಳು. ಅವಳ ಎರಡೂ ಮಂಡಿ ಹೋಗಿದ್ದವು. ಕದಿರಮ್ಮ ಬಡಿಸುವ ಸೌಟನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯಬೇಕು. ಕೈಗೆ ಕೊಡುವಂತಿಲ್ಲ. ಲಕ್ಷ್ಮೀದೇವಮ್ಮ ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಗಂಟೆ ಹೊಡೆಯುತ್ತದೆ. ಊರಿನ ಮಕ್ಕಳ ಸಾಲು ಮೊದಲು, ಕಾಲನಿ ಮಕ್ಕಳ ಸಾಲು ಕಡೆಗೆ.

ಆರು ವರ್ಷದ ಹಿಂದೆ, ಕದಿರಮ್ಮ ಕೆಲಸಕ್ಕೆ ಸೇರಿದ ಮೂರನೆಯ ದಿನ, ಗೊತ್ತಿಲ್ಲದೆ ಅವಳೇ ಸಾರು ಬಡಿಸಿಬಿಟ್ಟಿದ್ದಳು. ಮಾರನೆಯ ದಿನ ಇಪ್ಪತ್ತೆರಡು ಮಕ್ಕಳು ಮನೆಯಿಂದ ಡಬ್ಬಿ ತಂದರು. ಆಗ ಊರಿನ ಮುಖಂಡ ಹನುಮಂತರಾಯಪ್ಪ ಬಂದು ತೀರ್ಮಾನ ಮಾಡಿದ್ದ. "ಸರ್ಕಾರ ಇಕ್ಕಿರೋ ಹೆಂಗ್ಸು, ತೆಗಿಯಾಕಾಗಲ್ಲ. ಅವಳು ನೀರು ನಿಡಿ, ಮುಸುರೆ ನೋಡ್ಕಳ್ಲಿ. ಬೇಯ್ಸೋದು, ಬಡ್ಸೋದು ನಮ್ಮತ್ತಿಗೆ." ಅತ್ತಿಗೆ ಎಂದರೆ ಲಕ್ಷ್ಮೀದೇವಮ್ಮ. ಮೂರು ವರ್ಷ ಹಾಗೇ ನಡೆಯಿತು. ಆಮೇಲೆ ಲಕ್ಷ್ಮೀದೇವಮ್ಮನ ಮಂಡಿ ಹೋಯಿತು. ಕೆಲಸ ಬಿಡಲು ಮನಸ್ಸಿಲ್ಲ. "ನೀನೇ ಬೇಯ್ಸಾಕ್ಬುಡೇ ಕದ್ರಿ. ಯಾರು ನೋಡ್ತಾರೆ? ನಾನು ಸೌಟಿಡ್ಕಂಡು ನಿಂತ್ಕಂಡ್ರಾಯ್ತು" ಎಂದಳು. ಆಯ್ತು.

ಹನುಮಂತರಾಯಪ್ಪ ಈಗ ಶಾಲೆಯ ಅಭಿವೃದ್ಧಿ ಸಮಿತಿಯ, ಎಸ್‌ಡಿಎಂಸಿಯ, ಅಧ್ಯಕ್ಷ. ನಾಲ್ಕು ಎಕರೆ ಲೇಔಟಿಗೆ ಕೊಟ್ಟು ಬಿಳಿ ಕಾರು ತಂದವನು. ಮಗ ವಿಜಯ್‌ನನ್ನು ದೇವನಹಳ್ಳಿಯ ಕಾನ್ವೆಂಟಿಗೆ ಹಾಕಿದ್ದ. ಮಗಳು ಸ್ನೇಹಳನ್ನು ಇಲ್ಲೇ ನಾಲ್ಕನೆಯ ತರಗತಿಯಲ್ಲಿ ಉಳಿಸಿಕೊಂಡಿದ್ದ. ಅಧ್ಯಕ್ಷನಾಗಬೇಕಾದರೆ ಒಂದು ಮಗುವಾದರೂ ಅದೇ ಶಾಲೆಯಲ್ಲಿರಬೇಕೆಂದು ಕಾನೂನು. ಹೆಣ್ಣುಮಗು ಕಾನೂನಿಗೆ ಸಾಕಾಯಿತು.

ದಸರಾ ರಜೆ ಬಿಡುವ ದಿನವೇ ಶಾಲೆಯಲ್ಲಿ ಆಯುಧಪೂಜೆ ಮುಗಿಸುವುದು ಅಲ್ಲಿನ ವಾಡಿಕೆ. ಅದಕ್ಕೆ ಎರಡು ದಿನ ಮುಂಚೆ ಏಳನೆಯ ತರಗತಿಯಲ್ಲಿ ಹೆಡ್‌ಮೇಷ್ಟ್ರು ಕೋದಂಡರಾಮಯ್ಯ ಮೂಲಭೂತ ಹಕ್ಕುಗಳ ಪಾಠ ಓದಿಸುತ್ತಿದ್ದರು. ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ಮೆತ್ತಗಿನ ಮನುಷ್ಯ. ಯಾರಿಗೂ ಇಲ್ಲ ಎಂದವರಲ್ಲ, ಯಾರಿಗೂ ಹೌದು ಎಂದು ನಿಂತವರೂ ಅಲ್ಲ. ಕೀರ್ತನ ಎದ್ದು ನಿಂತಳು.

"ಸಾರ್, ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೇಲಿ ಧಾರ್ಮಿಕ ಬೋಧನೆ ಮಾಡಬಾರ್ದು ಅಂತ ಇದೆಯಲ್ಲ. ನಾವು ಆಯುಧಪೂಜೆ ಮಾಡ್ತೀವಲ್ಲ ಸಾರ್, ಅದು?"

"ಅದು ಧರ್ಮ ಅಲ್ಲಮ್ಮಾ. ಸಂಸ್ಕೃತಿ. ದುಡಿಮೆಗೆ ಗೌರವ ಕೊಡೋದು. ಈಗ ನೋಡು, ನಮ್ಮನೇಲಿ ಮಗ್ಗ ಇದೆ. ಆವತ್ತು ಮಗ್ಗ ನಿಲ್ಲಿಸಿ ಲಾಳಿಗೆ ಕುಂಕುಮ ಇಡ್ತೀವಿ. ದುಡಿಯೋನಿಗೆ ಅವನ ಆಯುಧಾನೇ ದೇವರು."

"ಹಂಗಾದ್ರೆ ಇಲ್ಲಿ ದುಡಿಯೋರೆಲ್ಲಾ ಇಡಬೋದಾ ಸಾರ್?"

"ಇಡಬಹುದಮ್ಮಾ, ಯಾಕಿಡಬಾರ್ದು?"

ಗಂಟೆ ಹೊಡೆಯಿತು. ಕೋದಂಡರಾಮಯ್ಯ ಸೀಮೆಸುಣ್ಣದ ಕೈ ಒರೆಸಿಕೊಂಡು ಹೋದರು. ಹೇಳಿದ್ದನ್ನು ಅಲ್ಲೇ ಮರೆತರು. ಹುಡುಗಿ ಮರೆಯಲಿಲ್ಲ.

ಸಂಜೆ ಮನೆಯಲ್ಲಿ ಅವಳು ಅಮ್ಮನ ಬೆನ್ನು ಹತ್ತಿದಳು.

"ವರ್ಷಾ ವರ್ಷಾ ಲಕ್ಷ್ಮೀದೇವಮ್ಮನ ಸೌಟಿಗೆ ಪೂಜೆ ಮಾಡ್ತಾರೆ. ಅವಳೇನು ಬೇಯ್ಸಿದಾಳೆ? ಬೇಯ್ಸೋದು ನೀನು. ನಿನ್ನ ಸೌಟಿಡಾಣ ಈ ಸಲ."

"ಸುಮ್ಕಿರು ಕೀರ್ತಿ. ನಾನು ಹೊರಗೆ ನಿಂತು ಕೈ ಮುಗಿದ್ರೆ ಸಾಲ್ದಾ?"

"ಸಾರೇ ಇಡಬೋದು ಅಂದ್ರು. ಎಲ್ಲಾರ ಮುಂದೆ ಅಂದ್ರು."

ಅಪ್ಪ ಮುನಿವೆಂಕಟಪ್ಪ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಕೆಲಸಕ್ಕೆ ಹೊರಟಿದ್ದ. ವಿಮಾನ ನಿಲ್ದಾಣದಲ್ಲಿ ಟ್ರಾಲಿ ತಳ್ಳುವ ಗುತ್ತಿಗೆ ಕೆಲಸ. "ಸೌಟಿಗೆ ಕುಂಕುಮ ಇಕ್ಬುಟ್ರೆ ನಾಳಿಕ್ಕೆ ಗಂಜಿ ತಾನಾಗೇ ಬಸ್ಕಂತದಾ?" ಎಂದು ನಕ್ಕು ಹೋದ.

ಕದಿರಮ್ಮ ನಗಲಿಲ್ಲ. ಅವಳಿಗೆ ಆಸೆಯಾಗಿತ್ತು. ತಪ್ಪು ಮಾಡಿದ್ದೇ ಅಲ್ಲಿ. ಮಾರನೆಯ ದಿನ ಮುಸುರೆಯೆಲ್ಲ ಮುಗಿದ ಮೇಲೆ ತಾನು ತಿರುವುವ ಉದ್ದ ಹಿಡಿಯ ಸೌಟನ್ನು ತೆಗೆದುಕೊಂಡು ಸಂಪಿನ ಪಕ್ಕ ಕೂತಳು. ಇಟ್ಟಿಗೆ ಪುಡಿ, ತೆಂಗಿನ ನಾರು. ತಳದ ಕರಿ ಹೋಗಲಿಲ್ಲ. ಉಗುರು ಹಾಕಿ ಕೆರೆದಳು. ಮೂರು ವರ್ಷದ ಬೆಂಕಿ ಅದು, ಒಂದು ಸಂಜೆಗೆ ಬಿಡುತ್ತದೆಯೇ? ಹಿಡಿ ಮಾತ್ರ ಬೆಳ್ಳಗೆ ಹೊಳೆಯಿತು.

ಪೂಜೆಯ ದಿನ ಅವಳು ಆರು ಗಂಟೆಗೇ ಬಂದು ಅಂಗಳ ಸಾರಿಸಿದಳು. ವರಾಂಡ ತೊಳೆದಳು. ಪ್ರಸಾದಕ್ಕೆ ಸಿಹಿ ಪೊಂಗಲು, ಕೋಸಂಬರಿ. ಪ್ರಸಾದವನ್ನು ಲಕ್ಷ್ಮೀದೇವಮ್ಮ ಮಡಿಯಲ್ಲಿ ಮಾಡಬೇಕೆಂದು ಹನುಮಂತರಾಯಪ್ಪ ವಾರದಿಂದ ಹೇಳಿದ್ದ. ಲಕ್ಷ್ಮೀದೇವಮ್ಮ ಒದ್ದೆ ತಲೆಗೆ ಟವಲು ಸುತ್ತಿಕೊಂಡು ಬಂದಳು. ಅಡುಗೆ ಕೋಣೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಂಡಿ ನೀವಿಕೊಂಡಳು.

"ಕದ್ರೀ, ನೀನೇ ಮಾಡ್ಬುಡೇ."

"ಇದು ದೇವ್ರುದು ಲಕ್ಷ್ಮೀದೇವಮ್ಮೋರೇ."

"ದೇವ್ರೇನು ಬಂದು ಕೇಳ್ತಾನಾ ಯಾರು ತಿರುವಿದ್ದು ಅಂತ? ಕೈಯಾಡ್ಸು, ತಳ ಹಿಡಿದಾತು. ಬಾಗ್ಲು ಸ್ವಲ್ಪ ಮುಂದಕ್ಕೆ ಹಾಕು."

ಬಾಗಿಲು ಮುಂದಕ್ಕೆ ಹಾಕಿ ಕದಿರಮ್ಮ ಪೊಂಗಲು ಮಾಡಿದಳು. ಬೆಲ್ಲ ಕರಗಿಸಿ ಸೋಸಿ, ಹೆಸರುಬೇಳೆ ಹುರಿದು, ಅರ್ಧ ಗಂಟೆ ಕೈ ಬಿಡದೆ ತಿರುವಿದಳು. ಬೆಲ್ಲದ ಗುಳ್ಳೆ ಸಿಡಿದು ಗಲ್ಲಕ್ಕೆ ಹತ್ತಿತು. ಒರೆಸಿಕೊಳ್ಳಲು ಬಿಡುವಿರಲಿಲ್ಲ. ಪೊಂಗಲು ಇಳಿಸಿದ ಮೇಲೆ ಸೌಟು ತೊಳೆದು ಸೆರಗಿನಿಂದ ಒರೆಸಿ ಹಿಂದಿನ ಕಿಟಕಿಯಲ್ಲಿ ಮಗಳ ಕೈಗೆ ಕೊಟ್ಟಳು.

ವರಾಂಡದಲ್ಲಿ ಬೆಂಚಿನ ಮೇಲೆ ಚಾಮುಂಡಿಯ ಫೋಟೊ. ಅದರ ಮುಂದೆ ಜಮಖಾನದ ಮೇಲೆ ಶಾಲೆಯ ಆಯುಧಗಳು. ಪಾಲಿಥಿನ್ ಹೊದಿಕೆ ತೆಗೆಯದ ಕಂಪ್ಯೂಟರು, ಹಾಜರಿ ಪುಸ್ತಕ, ಭೂಗೋಳ, ಗಂಟೆ, ಆಟದ ಮೇಷ್ಟ್ರು ಬೀರೇಶನ ಸೀಟಿ, ಕ್ರಿಕೆಟ್ ವಿಕೆಟ್ಟು, ಲಕ್ಷ್ಮೀದೇವಮ್ಮನ ಬಡಿಸುವ ಸೌಟು. ಬಾವುಟದ ಕಂಬದ ಬುಡದಲ್ಲಿ ಹನುಮಂತರಾಯಪ್ಪನ ಬಿಳಿ ಕಾರು, ಎರಡೂ ಕಡೆ ಬಾಳೆಕಂದು ಕಟ್ಟಿಕೊಂಡು ನಿಂತಿತ್ತು. ಸರ್ಕಾರಿ ಶಾಲೆಯಲ್ಲಿ ಆ ಕಾರು ಯಾರ ಆಯುಧ ಎಂದು ಯಾರೂ ಕೇಳಲಿಲ್ಲ.

ಊರಿನ ಹತ್ತಿಪ್ಪತ್ತು ಜನ ಬಂದಿದ್ದರು. ಮಕ್ಕಳು ಸಾಲಾಗಿ ಕೂತಿದ್ದರು. ಕೋದಂಡರಾಮಯ್ಯ ಒಂದೊಂದಕ್ಕೂ ಅರಿಶಿನ ಕುಂಕುಮ ಇಡುತ್ತಾ ಬಂದರು. ಸೀಟಿಗೆ ಇಟ್ಟರು. ವಿಕೆಟ್ಟಿಗೆ ಇಟ್ಟರು. ಅದರ ಪಕ್ಕದಲ್ಲಿ, ಕಿತ್ತಳೆ ಚೆಂಡುಹೂ ಸಿಕ್ಕಿಸಿಕೊಂಡು, ಹಿಡಿ ಬೆಳ್ಳಗೆ ತಳ ಕರ್ರಗೆ, ಉದ್ದದ ಸೌಟು. ಅವರ ಬೆರಳು ಗಾಳಿಯಲ್ಲೇ ನಿಂತಿತು.

"ಏನ್ ಸಾ ನಿಂತ್ಬುಟ್ರಿ?" ಹನುಮಂತರಾಯಪ್ಪ ಬಗ್ಗಿ ನೋಡಿದ. "ಇದ್ಯಾವ್ದು ಕರೀದು? ಯಾರ್ದಿದು?"

ಕೀರ್ತನ ಎದ್ದಳು. "ನಮ್ಮಮ್ಮಂದು ಸಾರ್."

ಬೀರೇಶ ಮೇಷ್ಟ್ರು ಕಿಸಕ್ಕೆಂದು ನಕ್ಕ.

"ಯಾರು ಇಡೇಳಿದ್ದು ನಿಂಗೆ?" ಹನುಮಂತರಾಯಪ್ಪ ಗದರಿದ.

"ಹೆಡ್‌ಮೇಷ್ಟ್ರು ಸಾರ್. ಇದು ಧರ್ಮ ಅಲ್ಲ, ಸಂಸ್ಕೃತಿ, ದುಡಿಯೋರೆಲ್ಲಾ ಇಡಬೋದು ಅಂದ್ರು."

ಎಲ್ಲರೂ ಕೋದಂಡರಾಮಯ್ಯನವರ ಕಡೆ ತಿರುಗಿದರು. ಅವರ ಬೆರಳ ತುದಿಯಲ್ಲಿ ಕುಂಕುಮ ಇನ್ನೂ ಇತ್ತು.

"ನಾನಾ? ನಾನು ಹಂಗೆಲ್ಲಿ ಹೇಳಿದೆ... ಪಾಠದಲ್ಲಿ ಏನೋ ಕೇಳಿದ್ಲು... ಮಕ್ಕಳು ಒಂದಕ್ಕೆ ಒಂದು ಅರ್ಥ ಮಾಡ್ಕೋತವೆ ಹನುಮಂತರಾಯಪ್ಪನೋರೇ."

"ನೀವೇ ಅಂದ್ರಿ ಸಾರ್. ಲಾಳಿ ಬಗ್ಗೇನೂ ಹೇಳಿದ್ರಿ."

"ಸುಳ್ಳು ಹೇಳಬಾರದಮ್ಮ" ಎಂದರು ಕೋದಂಡರಾಮಯ್ಯ. ಮೆತ್ತಗೇ ಎಂದರು.

ಬೀರೇಶ ಮೇಷ್ಟ್ರು ವಿಕೆಟ್ಟನ್ನು ಕೈಗೆತ್ತಿಕೊಂಡ. ಅದರ ತುದಿಯಿಂದ ಸೌಟನ್ನು ಮೀಟಿದ. ಸೌಟು ಜಮಖಾನದಿಂದ ಉರುಳಿ ಮೆಟ್ಟಿಲ ಮೇಲೆ ಟಣ್ ಟಣ್ ಎನ್ನುತ್ತಾ ಅಂಗಳಕ್ಕೆ ಬಿತ್ತು. "ನಾಳೆ ನಿಮ್ಮ ತಾತನ ತಮಟೇನೂ ತಂದಿಡ್ತೀಯೇನಮ್ಮಾ?" ಎಂದ. ಜನ ನಕ್ಕರು. ಮಕ್ಕಳೂ ನಕ್ಕರು. ಕಾಲನಿ ಮಕ್ಕಳಲ್ಲೂ ಒಂದೆರಡು ಹೆದರಿ ನಕ್ಕವು.

ಹನುಮಂತರಾಯಪ್ಪ ನಗಲಿಲ್ಲ. "ಅಮ್ಮನೋರ ಮುಂದೆ ಮೈಲಿಗೆ ಮಾಡಿ ಮ್ಯಾಲೆ ಮಾತು ಬೇರೆ ಆಡ್ತಳೆ. ಕಿವಿ ಹಿಡ್ಕ. ಬಸ್ಕಿ ಹೊಡಿ. ನೂರೊಂದು."

ಅಡುಗೆ ಕೋಣೆಯ ಬಾಗಿಲಲ್ಲಿ ಕದಿರಮ್ಮ ನಿಂತಿದ್ದಳು. ಮಗಳು ತನ್ನ ಕಡೆ ತಿರುಗಿ ನೋಡಿದ್ದನ್ನು ಕಂಡಳು. ಬೇಡ ಎಂದುಬಿಡು ಎಂದು ಆ ಕಣ್ಣು ಕೇಳುತ್ತಿತ್ತು. ಕದಿರಮ್ಮನ ಬಾಯಲ್ಲಿ ಬಂದದ್ದು ಬೇರೆ.

"ಹೊಡಿಯಮ್ಮಾ. ದೊಡ್ಡೋರು ಹೇಳ್ತಾವ್ರೆ, ಹೊಡಿ."

ಹುಡುಗಿ ಕಿವಿ ಹಿಡಿದುಕೊಂಡಳು. ಬೀರೇಶ ಮೇಷ್ಟ್ರು ಎಣಿಸಿದ. ಸೀಟಿ ಬಾಯಲ್ಲಿಟ್ಟುಕೊಂಡು ಹತ್ತಕ್ಕೊಂದು ಸಲ ಊದಿದ. ಅದಕ್ಕೂ ಜನ ನಕ್ಕರು. ಮೂವತ್ತರ ಹೊತ್ತಿಗೆ ಲಂಗದ ಅಂಚು ಕಾಲಿಗೆ ಸಿಕ್ಕಿ ಮುಗ್ಗರಿಸಿದಳು. ಐವತ್ತಕ್ಕೆ ತೊಡೆ ನಡುಗಲು ಶುರುವಾಯಿತು. ಅರವತ್ತೆಂಟಕ್ಕೆ ಕೂತವಳು ಏಳಲಿಲ್ಲ. ಕೈ ಮಾತ್ರ ಕಿವಿಯ ಮೇಲೇ ಇತ್ತು.

"ಇರ್ಲಿ ಬುಡಪ್ಪಾ, ಹಬ್ಬದ ದಿನ" ಎಂದಳು ಒಬ್ಬ ಮುದುಕಿ. "ಪ್ರಸಾದ ತಣ್ಣಗಾಯ್ತದೆ."

ಮಂಗಳಾರತಿ ಆಯಿತು. ಕಾರಿನ ಮುಂದೆ ಬೂದುಗುಂಬಳಕಾಯಿ ಒಡೆದರು. ಲಕ್ಷ್ಮೀದೇವಮ್ಮ ಕುಂಕುಮದ ಸೌಟು ಹಿಡಿದು ಪೊಂಗಲು ಬಡಿಸಿದಳು. ಪಾತ್ರೆಯನ್ನು ಅವಳ ಮುಂದೆ ದಬ್ಬಿ ದಬ್ಬಿ ಇಡುವವಳು ಕದಿರಮ್ಮ, ಪಾತ್ರೆಯ ಹಿಡಿಗೆ ಬಟ್ಟೆ ಸುತ್ತಿ, ಕೈ ತಾಗದ ಹಾಗೆ. ಊರ ಜನ ಮೊದಲು ತಿಂದರು. ಊರ ಮಕ್ಕಳು ತಿಂದರು. ಹನುಮಂತರಾಯಪ್ಪ ಬಾಳೆಲೆ ನೆಕ್ಕಿ ಎರಡನೆಯ ಸಲ ಹಾಕಿಸಿಕೊಂಡ.

"ನಮ್ಮತ್ತಿಗೆ ಕೈರುಚಿ ಅಂದ್ರೆ ಕೈರುಚಿ! ಮಡೀಲಿ ಮಾಡಿದ್ದು ಅಂದ್ರೆ ಹೆಂಗಿರ್ಬೇಕು ಗೊತ್ತಾ? ಹಿಂಗಿರ್ಬೇಕು."

"ಏನೋಪ್ಪಾ, ಮಂಡಿ ನೋವಲ್ಲಿ ಆದಷ್ಟು ಮಾಡ್ದೆ" ಎಂದಳು ಲಕ್ಷ್ಮೀದೇವಮ್ಮ.

ಕಾಲನಿ ಮಕ್ಕಳ ಸಾಲು ಕಡೆಗೆ ಬಂತು. ಸಾಲಿನ ತಲೆಯಲ್ಲಿ ಕೀರ್ತನ ಕೂತಲ್ಲೇ ಕೂತಿದ್ದಳು. ಲಕ್ಷ್ಮೀದೇವಮ್ಮ ಸೊಂಟದ ಎತ್ತರದಿಂದ ಒಂದು ಸೌಟು ಬಿಟ್ಟಳು. ಅರ್ಧ ಎಲೆಗೆ ಬಿತ್ತು, ಅರ್ಧ ಹುಡುಗಿಯ ತೊಡೆಗೆ. ಬಿಸಿ. ಹುಡುಗಿ ಹಾ ಎಂದಳು.

"ತಿನ್ನು. ತಿಂದು ಬುದ್ಧಿ ಕಲಿ. ನಿಮ್ಮಮ್ಮಂಗೂ ಕಲ್ಸು. ಪೂಜೆಗೆ ಇಡೋ ಸೌಟಂತೆ! ಮುಸುರೆ ಸೌಟು."

ಕದಿರಮ್ಮ ಪಾತ್ರೆಯ ಹಿಡಿ ಬಿಟ್ಟಳು. ನೆಟ್ಟಗೆ ನಿಂತಳು.

"ಈ ಪೊಂಗ್ಲು ಮಾಡಿದ್ದು ನಾನು."

ಯಾರಿಗೂ ಕೇಳಿಸಲಿಲ್ಲ. ಕೇಳಿಸಿದವರಿಗೆ ಅರ್ಥವಾಗಲಿಲ್ಲ. ಅವಳು ಮತ್ತೆ ಹೇಳಿದಳು. ಆರು ವರ್ಷದಿಂದ ಆ ಶಾಲೆಯಲ್ಲಿ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿರಲಿಲ್ಲ.

"ಈ ಪೊಂಗ್ಲು ನಾನ್ ಮಾಡಿದ್ದು. ನಿನ್ನೆ ಸಾರು ನಾನ್ ಮಾಡಿದ್ದು. ಮೂರು ವರ್ಷದಿಂದ ನಿಮ್ಮ ಮಕ್ಳು ತಿಂದಿರೋದು ನನ್ನ ಕೈಯಡ್ಗೆ."

"ಅಯ್ಯಯ್ಯೋ, ಬಾಯಿಗೆ ಬಂದಂಗೆ!" ಲಕ್ಷ್ಮೀದೇವಮ್ಮ ಸೌಟು ಹಿಡಿದೇ ಜನರ ಕಡೆ ತಿರುಗಿದಳು. "ಇವಳಿಗೇನೋ ಮೆಟ್ಕಂಡೈತೆ ಕಣ್ರಪ್ಪೋ. ನನ್ನ ಮಕ್ಳಾಣೆ, ನಾನೇ ಮಾಡಿದ್ದು."

"ಹಂಗಾದ್ರೆ ಬನ್ನಿ, ಒಲೆ ಹಚ್ಚಿ ತೋರ್ಸಿ."

ಜೂನ್‌ನಲ್ಲಿ ಶಾಲೆಗೆ ಹೊಸ ಗ್ಯಾಸ್ ಒಲೆ ಬಂದಿತ್ತು. ಅದರ ತಿರುಪು ಮೊದಲ ವಾರವೇ ಮುರಿದಿತ್ತು. ಇಕ್ಕಳ ಹಾಕಿ ಒತ್ತಿ ಎಡಕ್ಕೆ ತಿರುಗಿಸಿದರೆ ಮಾತ್ರ ಹತ್ತುತ್ತಿತ್ತು. ಹನುಮಂತರಾಯಪ್ಪ ಅತ್ತಿಗೆಯ ಮುಖ ನೋಡಿದ. "ಹಚ್ಚತ್ತಿಗೇ, ಅವಳ ಬಾಯಿ ಮುಚ್ಸು" ಎಂದ. ಲಕ್ಷ್ಮೀದೇವಮ್ಮ ಕುಂಟುತ್ತಾ ಒಳಗೆ ಹೋದಳು. ಎಲ್ಲರೂ ಬಾಗಿಲಿಗೆ ಮುತ್ತಿದರು. ಅವಳು ಒಲೆಯ ಮುಂದೆ ನಿಂತಳು. ತಿರುಪಿರಬೇಕಾದ ಜಾಗದಲ್ಲಿ ಬೋಳು ಕಂಬಿ. ಅದನ್ನು ಬೆರಳಿಂದ ತಡಕಿದಳು. ಬಲಕ್ಕೆ ತಿರುಗಿಸಿದಳು. ಕಡ್ಡಿ ಗೀರಿದಳು. ಇನ್ನೊಂದು ಗೀರಿದಳು. ಮೂರನೆಯದು ಬೆರಳು ಸುಟ್ಟಿತು. ಪೆಟ್ಟಿಗೆ ಕೈಯಿಂದ ಜಾರಿ ಬಿತ್ತು.

ಕೋದಂಡರಾಮಯ್ಯ ಕದಿರಮ್ಮನ ಹತ್ತಿರಕ್ಕೆ ಬಂದರು. ಎರಡು ಮಾರು ದೂರದಲ್ಲಿ ನಿಂತು ಸಣ್ಣ ದನಿಯಲ್ಲಿ ಹೇಳಿದರು.

"ತಮಾಷೆಗೆ ಹೇಳ್ದೆ ಅನ್ನಮ್ಮಾ. ಒಂದೇ ಮಾತು. ಮಗಳಿಗೆ ಶಿಕ್ಷೆ ಕೊಟ್ಟ ಸಿಟ್ಟಿಗೆ ಅಂದ್ಬಿಟ್ಟೆ ಅನ್ನು. ಕೆಲಸ ಉಳಿಯುತ್ತೆ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ನಿಮ್ಮ ಮನೇಲಿ ಲಾಳಿಗೆ ಪೂಜೆ ಮಾಡೋದು ನೇಯೋರೋ, ಸೀರೆ ಮಾರೋರೋ ಸಾರ್?"

ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ತಮಾಷೆ ಅಲ್ಲ" ಎಂದಳು ಕದಿರಮ್ಮ, ಎಲ್ಲರಿಗೂ ಕೇಳುವ ಹಾಗೆ. "ನಾನೇ ಮಾಡಿದ್ದು."

ಆಗ ಶುರುವಾಯಿತು. ಒಬ್ಬ ಹೆಂಗಸು ಗಂಟಲಿಗೆ ಸೆರಗು ಒತ್ತಿಕೊಂಡು ಸಂಪಿನ ಕಡೆ ಓಡಿದಳು. ಇನ್ನೊಬ್ಬಳು ಮಗನ ಬೆನ್ನಿಗೆ ಗುದ್ದಿ, "ಉಗಿ, ಉಗಿ" ಎಂದಳು. ಹನುಮಂತರಾಯಪ್ಪ ಮಗಳು ಸ್ನೇಹಳ ರಟ್ಟೆ ಹಿಡಿದು ಎಳೆದುಕೊಂಡು ಬಂದ. ಎಡಗೈಯಲ್ಲಿ ಅವಳ ದವಡೆ ಒತ್ತಿ ಹಿಡಿದ. ಬಲಗೈಯ ಎರಡು ಬೆರಳು ಬಾಯೊಳಕ್ಕೆ ತುರುಕಿದ.

"ಕಕ್ಕು. ಕಕ್ಕು ಅಂತಿದೀನಿ."

"ಅಪ್ಪಾ... ದಿನಾ ತಿಂತೀನಲ್ಲಪ್ಪಾ..."

ಬೆರಳು ಇನ್ನೂ ಆಳಕ್ಕೆ ಹೋಯಿತು. ಒಂಬತ್ತು ವರ್ಷದ ಮಗು ಕಾಲು ಬಡಿಯಿತು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಕಡೆಗೆ ಅವನ ಮಣಿಕಟ್ಟಿನ ಮೇಲೇ ಕಕ್ಕಿತು. ಹಳದಿ ಪೊಂಗಲು, ಅದರಲ್ಲಿ ಕೆಂಪು ಗೆರೆ. ಅವನ ಉಗುರು ಗಂಟಲು ಸೀಳಿತ್ತು. ತಾನು ಎರಡು ಸಲ ಹಾಕಿಸಿಕೊಂಡು ತಿಂದದ್ದು ಮಾತ್ರ ಅವನ ಹೊಟ್ಟೆಯಲ್ಲೇ ಇತ್ತು. ಅದನ್ನು ಯಾರೂ ನೆನಪಿಸಲಿಲ್ಲ.

ಮಗುವನ್ನು ಬಿಟ್ಟು ಅವನು ಪೊಂಗಲಿನ ಪಾತ್ರೆಯ ಹತ್ತಿರ ಬಂದ. ಕಾಲು ಪಾಲು ಇನ್ನೂ ಉಳಿದಿತ್ತು. ಕಾಲನಿ ಮಕ್ಕಳ ಪಾಲು ಅದು. ಎಲೆ ಮುಂದಿಟ್ಟುಕೊಂಡು ಅವು ನೋಡುತ್ತಿದ್ದವು. ಅವನು ಒದ್ದ. ಪಾತ್ರೆ ಮಗುಚಿಕೊಂಡಿತು. ಪೊಂಗಲು ವರಾಂಡದ ಮೇಲೆ ಹರಡಿ ಜಮಖಾನಕ್ಕೆ ಬಂತು. ಹಾಜರಿ ಪುಸ್ತಕಕ್ಕೆ, ಕಂಪ್ಯೂಟರಿನ ತಂತಿಗೆ, ಗಂಟೆಗೆ, ಫೋಟೊ ಇಟ್ಟ ಬೆಂಚಿನ ಕಾಲಿಗೆ ಅಂಟಿತು. ಅವನ ಬರಿಗಾಲಿನ ಪಾದಕ್ಕೂ ಮೆತ್ತಿತು.

"ಹೊಲಗೇರಿ ಹೆಂಗ್ಸು ಊರು ಕೆಡ್ಸಾಕ್ಬುಟ್ಲಲ್ಲಪ್ಪಾ! ಏಯ್, ಬಾ ಇಲ್ಲಿ. ಬಳಿ ಇದನ್ನ. ಬಳಿದು, ಗಂಜಲ ಹಾಕಿ ತೊಳ್ದು ಹೋಗು. ನಾಳೆಯಿಂದ ಈ ಕಾಂಪೌಂಡಿನೊಳಕ್ಕೆ ಕಾಲಿಡಂಗಿಲ್ಲ."

ಕದಿರಮ್ಮನ ಬೆನ್ನು ಅಭ್ಯಾಸಬಲದಿಂದ ಬಗ್ಗಿತು. ಆರು ವರ್ಷ ಅಲ್ಲಿ ಏನು ಚೆಲ್ಲಿದರೂ ಬಗ್ಗಿದ್ದು ಆ ಬೆನ್ನೇ. ಅರ್ಧ ಬಗ್ಗಿದವಳು ಅಲ್ಲೇ ನಿಂತಳು. ನಿಧಾನವಾಗಿ ಎದ್ದಳು.

"ಕೆಲ್ಸ ತೆಗೆದ್ರಲ್ಲ?"

"ತೆಗೆದೆ."

"ಹಂಗಾದ್ರೆ ಬಳಿಯೋಳು ನಾನಲ್ಲ. ಚೆಲ್ಲಿದ್ದು ನೀವು. ನೀವೇ ಬಳೀರಿ."

ಹನುಮಂತರಾಯಪ್ಪ ಕೈ ಎತ್ತಿದ. ಹೊಡೆಯಬೇಕಾದರೆ ಮುಟ್ಟಬೇಕಾಗಿತ್ತು. ಕಾಲಿನ ಕಡೆ ನೋಡಿಕೊಂಡ. ಚಪ್ಪಲಿ ಇರಲಿಲ್ಲ. ಪೂಜೆಗೆಂದು ಗೇಟಿನ ಹೊರಗೆ ಬಿಟ್ಟು ಬಂದಿದ್ದ.

"ಅಟ್ರಾಸಿಟಿ ಕೇಸು ಹಾಕ್ತೀಯೇನೇ? ಹಾಕು, ನೋಡಾನ. ಸ್ಟೇಷನ್ನಲ್ಲಿ ನಮ್ಮೋರು ಇಲ್ವಾ?"

"ಹಾಕ್ತೀನಿ" ಎಂದಳು ಕದಿರಮ್ಮ. ಹಾಗೆಂದರೆ ಏನೆಂದು ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. ಅವನಿಗೆ ಅದರ ಭಯ ಇದೆ ಎನ್ನುವುದು ಮಾತ್ರ ಗೊತ್ತಾಯಿತು. "ಮೇಷ್ಟ್ರು ಏನಂದಿದ್ರು ಅಂತ ಏಳನೇ ಕ್ಲಾಸು ಪೂರ್ತಿ ಕೇಳೈತೆ. ಅದನ್ನೂ ಬರೆಸ್ತೀನಿ."

ಕೋದಂಡರಾಮಯ್ಯ ಕನ್ನಡಕ ತೆಗೆದು ಒರೆಸಿಕೊಂಡರು.

ಅವಳು ಮಗಳ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಹುಡುಗಿಯ ತೊಡೆಯ ಮೇಲಿನ ಪೊಂಗಲನ್ನು ಸೆರಗಿನಿಂದ ಒರೆಸಿ ತೆಗೆದಳು. ಚರ್ಮ ಕೆಂಪಗೆ ಎದ್ದಿತ್ತು.

"ಏಳಕ್ಕಾಗ್ತದಾ?"

"ಆಗ್ತಿಲ್ಲಮ್ಮ. ಕಾಲು ನಡುಗ್ತಾವೆ." ಹುಡುಗಿ ಅಮ್ಮನ ಮುಖ ನೋಡಲಿಲ್ಲ. "ನೀನೂ ಹೊಡಿ ಅಂದ್ಯಲ್ಲ."

ಕದಿರಮ್ಮ ಹಾಗೇ ತಿರುಗಿ ಕೂತಳು. ಬೆನ್ನು ಕೊಟ್ಟಳು. ಹುಡುಗಿ ಹತ್ತಲಿಲ್ಲ. ಕದಿರಮ್ಮ ಬೆನ್ನು ಕೊಟ್ಟುಕೊಂಡೇ ಕೂತಳು. ಬಹಳ ಹೊತ್ತಾದ ಮೇಲೆ ಎರಡು ಕೈ ಕೊರಳಿಗೆ ಬಂದವು. ಅನ್ನದ ಡಬರಿ ಎತ್ತುವ ಹಾಗೆ ಉಸಿರು ಬಿಗಿಹಿಡಿದು ಎದ್ದಳು.

ಹಿಂದೆ ವರಾಂಡದಲ್ಲಿ ಜಗಳ ಹತ್ತಿತ್ತು. ಬಳಿಯಬೇಕಾದವಳು ಬಳಿಯಲಿಲ್ಲ. ಬೇರೆಯವರು ಮುಟ್ಟುವಂತಿರಲಿಲ್ಲ. ಲಕ್ಷ್ಮೀದೇವಮ್ಮನ ಮಂಡಿ ಬಗ್ಗುವುದಿಲ್ಲ. ಊರ ಹೆಂಗಸರು ಅದನ್ನು ದಾಟಲಾರದೆ ಗೋಡೆಗೆ ಒತ್ತಿ ನಿಂತಿದ್ದರು. "ಮೇಷ್ಟ್ರೇ, ಏನಾರ ಮಾಡ್ರೀ, ಇರುವೆ ಹತ್ತಾ ಅವೆ" ಎಂದು ಯಾರೋ ಕೂಗಿದರು. "ನಾನು ಆಟದ ಮೇಷ್ಟ್ರು ಕಣ್ರೀ" ಎಂದ ಬೀರೇಶ. ದೀಪ ಉರಿಯುತ್ತಲೇ ಇತ್ತು. ದೇವಿಯ ಬೆಂಚಿನ ಕಾಲನ್ನು ಇರುವೆಯ ಸಾಲು ಹತ್ತುತ್ತಿತ್ತು. ಕಾಲನಿ ಮಕ್ಕಳು ಒಬ್ಬೊಬ್ಬರಾಗಿ ಎದ್ದು, ಖಾಲಿ ಎಲೆಗಳನ್ನು ಅಲ್ಲೇ ಬಿಟ್ಟು, ಕದಿರಮ್ಮನ ಹಿಂದೆ ಬಂದವು.

ಕೋದಂಡರಾಮಯ್ಯ ಪಂಚೆ ಎತ್ತಿ ಕಟ್ಟಿದರು. ಪಾಠದ ಕೋಣೆಯ ಬಾಗಿಲ ಹಿಂದೆ ನೋಡಿದರು. ಅಡುಗೆ ಕೋಣೆಯೊಳಗೆ ನೋಡಿದರು. ಬೀರುವಿನ ಸಂದಿಯಲ್ಲಿ ಕೈ ಹಾಕಿದರು. ಸಿಗಲಿಲ್ಲ. ಅಂಗಳಕ್ಕೆ ಬಂದು ಗೇಟಿನ ಕಡೆ ಕೈ ಬಾಯಿಗಿಟ್ಟು ಕೂಗಿದರು.

"ಕದಿರಮ್ಮಾ... ಪೊರಕೆ ಎಲ್ಲಿಟ್ಟಿದ್ದೀಯಮ್ಮಾ?"

ಕದಿರಮ್ಮ ಹೇಳಲಿಲ್ಲ.